ಕಿವಿಗೆ ಹಿಡಿದ ಫೋನು

ಲಾಳಿಯಕ್ಕನಿಗೆ ಈ ಜಗತ್ತಿನಲ್ಲಿ ಮರ್ಯಾದೆ ಕೊಡಬೇಕು ಅನ್ನಿಸಿದ ಸಂಗತಿಗಳು ಬಹಳ ಕಡಿಮೆ. ಗಂಟಿಲ್ಲದ ನೂಲು, ಹೇಳಿದ ಹೊತ್ತಿಗೆ ಬರುವ ಬಸ್ಸು, ಗೆಳತಿ ಗಿಡ್ಡಿಯ ಬಾಯಿ, ಇಷ್ಟೇ. ಉಳಿದದ್ದಕ್ಕೆಲ್ಲ ಅವಳು ಮೂಗು ಮುರಿಯುತ್ತಿದ್ದಳು. ಮೂಗೂ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ತುದಿ ಸ್ವಲ್ಪ ಮೇಲಕ್ಕೆದ್ದು, ಎದುರಿಗಿದ್ದವರ ಮಾತು ಹಳಸಿದೆಯೇನೋ ಎಂದು ಮೂಸಿ ನೋಡುವಂತೆ. ಬಟ್ಟೆ ಗಿರಣಿಯ ನೇಯ್ಗೆ ವಿಭಾಗದಲ್ಲಿ ನಾಲ್ಕು ಮಗ್ಗಗಳ ನಡುವೆ ಅತ್ತಿಂದಿತ್ತ ಓಡಾಡಿ ಆ ಹೆಸರು ಬಂದಿತ್ತು. ನೂಲು ಹೊತ್ತು ಮಗ್ಗದಲ್ಲಿ ಅಡ್ಡಡ್ಡ ಹಾರುವ ಲಾಳಿಗೂ ಇವಳಿಗೂ ವ್ಯತ್ಯಾಸವಿಲ್ಲ ಅಂತ ಮೇಸ್ತ್ರಿ ಒಮ್ಮೆ ತಮಾಷೆ ಮಾಡಿದ. ಮಾಡಿದವನು ಮರೆತ, ಹೆಸರು ಉಳಿಯಿತು.

ಮಗ್ಗಗಳ ಸದ್ದು ಎಂಥದ್ದು ಅಂತ ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಅಷ್ಟೂ ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಅದಕ್ಕೇ ಅಲ್ಲಿನ ಹೆಂಗಸರು ಕೂಗುವ ಗೋಜಿಗೇ ಹೋಗುತ್ತಿರಲಿಲ್ಲ. ದನಿ ತೆಗೆಯದೆ ತುಟಿಗಳನ್ನಷ್ಟೇ ಅಗಲಿಸಿ, ಒತ್ತಿ, ಚಾಚಿ ಮಾತಾಡುತ್ತಿದ್ದರು. ಆಚೆ ಸಾಲಿನವಳು ಅದನ್ನು ನೋಡಿ ತಿಳಿದುಕೊಳ್ಳುತ್ತಿದ್ದಳು. ಮೇಸ್ತ್ರಿ ಬರುತ್ತಿದ್ದಾನೆ ಅನ್ನುವುದಕ್ಕೆ ಎರಡೂ ಕೆನ್ನೆ ಉಬ್ಬಿಸಿದರೆ ಸಾಕಿತ್ತು, ಅವನ ಕೆನ್ನೆಗಳು ಹಾಗಿದ್ದವು. ಎಷ್ಟು ಜನ ಗಂಡಂದಿರ, ಎಷ್ಟು ಜನ ನಾದಿನಿಯರ ಮಾನ ಆ ಗದ್ದಲದ ನಡುವೆ ಸದ್ದಿಲ್ಲದೆ ಹರಾಜಾಯಿತೋ ಲೆಕ್ಕವಿಲ್ಲ. ಆ ಭಾಷೆಗೆ ಇದ್ದದ್ದು ಒಂದೇ ಕಟ್ಟಳೆ, ಮಾತಾಡುವವಳಿಂದ ಮುಖ ತಿರುಗಿಸಬಾರದು. ಜಗಳವಾದರೆ ಯಾರೂ ಬೈಯುತ್ತಿರಲಿಲ್ಲ, ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಅದಕ್ಕಿಂತ ದೊಡ್ಡ ಬೈಗುಳ ಅಲ್ಲಿರಲಿಲ್ಲ.

ಎದುರು ಸಾಲಿನಲ್ಲಿ ಇದ್ದವಳು ಗಿಡ್ಡಿ. ಮಗ್ಗದ ಮೇಲೆ ತಲೆ ಕಾಣಬೇಕಾದರೆ ಮರದ ಹಲಗೆ ಹಾಕಿಕೊಂಡು ನಿಲ್ಲಬೇಕಿತ್ತು. ಬಾಯಿ ಮಾತ್ರ ಆಳೆತ್ತರ. ಗಿರಣಿ ಮುಚ್ಚಿದ ಮೇಲೆ ಅವಳು ಊರಾಚೆ ತಮ್ಮನ ಮನೆ ಸೇರಿದಳು, ಲಾಳಿಯಕ್ಕ ಗಂಡ ತೀರಿಕೊಂಡ ನಂತರ ಮಗಳ ಮನೆ ಸೇರಿದಳು. ಆಮೇಲೆ ಗಿಡ್ಡಿಯ ಗಂಟಲಿಗೆ ಗಡ್ಡೆ ಬಂತು. ಆಪರೇಷನ್ ಮಾಡಿದರು, ಜೀವ ಉಳಿಯಿತು, ದನಿ ಹೋಯಿತು. ಬರೆದು ತಿಳಿಸೋಣ ಅಂದರೆ ಅವಳು ಸಹಿ ಹಾಕುವಷ್ಟೇ ಕಲಿತವಳು. ತಮ್ಮ, ತಮ್ಮನ ಹೆಂಡತಿ ಕೈಸನ್ನೆ ನೋಡಿ ಅರ್ಧಂಬರ್ಧ ಊಹಿಸುತ್ತಿದ್ದರು. ಗಿಡ್ಡಿಯ ಬಾಯಿಂದ ಬಂದ ಪೂರ್ತಿ ವಾಕ್ಯ ಪೂರ್ತಿಯಾಗಿ ತಲುಪುತ್ತಿದ್ದದ್ದು ಇಡೀ ಭೂಮಿಯಲ್ಲಿ ಒಬ್ಬಳಿಗೇ, ಲಾಳಿಯಕ್ಕನಿಗೆ.

ಲಾಳಿಯಕ್ಕನದೂ ಒಂದು ಗುಟ್ಟಿತ್ತು. ಮಗ್ಗಗಳು ಅವಳ ಕಿವಿಯನ್ನು ಮುಕ್ಕಾಲು ಪಾಲು ತಿಂದು ಹಾಕಿದ್ದವು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಎದುರಿಗೆ ಕೂತು ಮಾತಾಡಿದವರ ತುಟಿ ನೋಡಿಯೇ ಅವಳು ಸರಿಯಾಗಿ ಉತ್ತರ ಕೊಡುತ್ತಿದ್ದಳು. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಅದನ್ನು ಮನೆಯವರು ಅಹಂಕಾರ ಅಂದುಕೊಂಡಿದ್ದರು, ಅವಳಿಗೂ ಅದೇ ವಾಸಿ ಅನ್ನಿಸಿತ್ತು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಅಹಂಕಾರಿ ಅನ್ನಿಸಿಕೊಳ್ಳುವುದರಲ್ಲಿ ಒಂದು ಅಂತಸ್ತಿದೆ ಅಂತ ಅವಳ ಎಣಿಕೆ.

ಬೆಳಿಗ್ಗೆ ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೊರಟ ಮೇಲೆ ಅವಳು ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ಇಡುತ್ತಿದ್ದಳು. ಗಿಡ್ಡಿಯ ಮುಖ ಮೂಡುತ್ತಿತ್ತು. ಇಬ್ಬರೂ ಸದ್ದು ಪೂರ್ತಿ ಆರಿಸಿ, ಚಹಾ ಆರುವವರೆಗೂ ಹರಟುತ್ತಿದ್ದರು. ಗಿಡ್ಡಿ ತಮ್ಮನ ಹೆಂಡತಿಯ ದುಂದುಗಾರಿಕೆ ಹೇಳುತ್ತಿದ್ದಳು, ಲಾಳಿಯಕ್ಕ ಅಳಿಯನ ಸುದ್ದಿ ಹೇಳುತ್ತಿದ್ದಳು. ಅಳಿಯ ಅನ್ನುವುದಕ್ಕೂ ಅವರು ಕೆನ್ನೆ ಉಬ್ಬಿಸುವ ಹಳೆಯ ಸನ್ನೆಯನ್ನೇ ಇಟ್ಟುಕೊಂಡಿದ್ದರು, ಮೇಸ್ತ್ರಿ ಹೇಗೂ ಸತ್ತುಹೋಗಿದ್ದ.

ಈ ಅಳಿಯನ ವಿಚಾರ ಸ್ವಲ್ಪ ಹೇಳಬೇಕು. ವಿಮಾ ಕಂಪನಿಯಲ್ಲಿ ಮ್ಯಾನೇಜರು. ದಿನವಿಡೀ ಜನರಿಗೆ ಬೆಂಕಿ, ಕಳ್ಳತನ, ಅಪಘಾತಗಳ ಭಯ ಮಾರಿ ಸಂಜೆ ಮನೆಗೆ ಬರುವಾಗ ಮಿಕ್ಕ ಭಯವನ್ನು ಮನೆಯವರಿಗೆ ಹಂಚುತ್ತಿದ್ದ. ಗ್ಯಾಸ್ ಒಲೆಯ ಮೇಲೊಂದು ಎಚ್ಚರಿಕೆಯ ಚೀಟಿ, ಸ್ನಾನದ ಮನೆಯಲ್ಲಿ ಜಾರದ ಚಾಪೆ, ಚಾಪೆ ಜಾರದಿರಲು ಅದರ ಕೆಳಗೆ ಇನ್ನೊಂದು ಚಾಪೆ. ಇಂಥವನ ಕೈಗೆ ಫೋನಿನ ಆ್ಯಪುಗಳು ಸಿಕ್ಕಿದ್ದು ಮನೆಮಂದಿಯ ಗ್ರಹಚಾರ. ಮೊದಲು ಎಲ್ಲರಿಗೂ ಹಸಿರು ಬಣ್ಣದ್ದನ್ನು ಹಾಕಿಸಿದ. ಅದರಲ್ಲಿ ಯಾರೋ ಕದ್ದು ಓದುತ್ತಾರೆ ಅಂತ ನೀಲಿಗೆ ಬದಲಾಯಿಸಿದ. ಈ ಮನೆಯವರು ಬರೆದುಕೊಳ್ಳುತ್ತಿದ್ದದ್ದು ‘ಹಾಲು ತಗೊಂಡು ಬಾ’, ‘ತಂದಾಯ್ತು’, ‘ಬೀಗ ಹಾಕಿದ್ಯಾ’ ಇಷ್ಟನ್ನು. ಅದನ್ನು ಕದ್ದು ಓದಲು ಯಾವನೋ ನಿದ್ದೆಗೆಟ್ಟು ಕೂತಿದ್ದಾನೆ ಅಂತ ಈ ಮನುಷ್ಯ ಮನಸಾರೆ ನಂಬಿದ್ದ.

ಒಂದು ದಿನ ಜ್ವರ ಬಂದು ಅವನು ಮನೆಯಲ್ಲೇ ಉಳಿದ. ನೀರು ಕುಡಿಯಲು ಎದ್ದು ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಅತ್ತೆ ಫೋನಿನ ಮುಂದೆ ಕೂತು ಸದ್ದಿಲ್ಲದೆ ಬಾಯಿ ಅಗಲಿಸುತ್ತಿದ್ದಾಳೆ, ಮುಚ್ಚುತ್ತಿದ್ದಾಳೆ, ಕೆನ್ನೆ ಉಬ್ಬಿಸಿ ನಗುತ್ತಿದ್ದಾಳೆ. ಫೋನಿನ ಒಳಗಿರುವ ಇನ್ನೊಬ್ಬ ಮುದುಕಿಯೂ ಅದನ್ನೇ ಮಾಡುತ್ತಿದ್ದಾಳೆ. ಅವನು ಹತ್ತಿರ ಬಂದು ಎದುರಿಗೆ ನಿಂತ.

“ಅತ್ತೆ, ಸೌಂಡೇ ಬರ್ತಿಲ್ವಲ್ಲ,” ಅಂದ.

“ಬೇಡ,” ಅಂದಳು ಲಾಳಿಯಕ್ಕ.

“ಬೇಡ ಅಂದ್ರೆ? ಪಾಪ, ಎಷ್ಟು ದಿನದಿಂದ ಹೀಗೆ ಒದ್ದಾಡ್ತಿದೀರೋ. ಹೇಳೋದಲ್ವಾ. ನೆಟ್‌ವರ್ಕ್ ಎಳೀತಿಲ್ಲ. ಈ ವಿಡಿಯೋ ಇದೆ ನೋಡಿ, ಅದೇ ಎಲ್ಲಾ ತಿಂದು ಹಾಕುತ್ತೆ.”

ಒಂದೇ ಒಂದು ವಾಕ್ಯ ಸಾಕಿತ್ತು. ನಾವಿಬ್ಬರೂ ಹೀಗೇ ಮಾತಾಡೋದು, ಅವಳಿಗೆ ದನಿ ಇಲ್ಲ, ನನಗೆ ಕಿವಿ ಇಲ್ಲ, ಅಂತ. ಲಾಳಿಯಕ್ಕ ಆ ವಾಕ್ಯ ಹೇಳಲಿಲ್ಲ. ಇಂಥವನಿಗೆ ಬಿಡಿಸಿ ಹೇಳುವುದು ತನ್ನ ಮರ್ಯಾದೆಗೆ ಕಡಿಮೆ ಅನ್ನಿಸಿತು. ಮೂಗಿನ ತುದಿ ಇನ್ನಷ್ಟು ಮೇಲಕ್ಕೇರಿತು, ಅಷ್ಟೇ. ಅವನು ಅದನ್ನು ಒಪ್ಪಿಗೆ ಅಂದುಕೊಂಡ.

ಆ ಭಾನುವಾರ ಹಜಾರದಲ್ಲಿ ಸಭೆ. ಮಗಳು, ಅಳಿಯನ ತಂಗಿ, ತಂಗಿಯ ಗಂಡ, ಎಲ್ಲರೂ ಸೋಫಾದ ಮೇಲೆ ಸಾಲಾಗಿ ಕೂತಿದ್ದರು. ಅಳಿಯ ಟೀವಿ ಪರದೆಯ ಮೇಲೆ ಕೋಷ್ಟಕ ಹಾಕಿದ್ದ. ಯಾವ ಆ್ಯಪ್‌ಗೆ ಬೀಗ ಎಷ್ಟು ಗಟ್ಟಿ, ಯಾವುದು ಎಷ್ಟು ಡೇಟಾ ನುಂಗುತ್ತದೆ, ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಅಂತ ಅಂಕ. ಒಂದು ದೇಶಕ್ಕೆ ಸಂವಿಧಾನ ಬರೆಯುತ್ತಿರುವವನ ಗತ್ತು ಅವನದು. ತಂಗಿಗೆ ಕುಣಿಯುವ ಬೆಕ್ಕಿನ ಚಿತ್ರಗಳು ಬೇಕಿತ್ತು. ತಂಗಿಯ ಗಂಡನಿಗೆ, ತಾನು ಓದಿದ್ದೇನೆ ಅಂತ ಹೆಂಡತಿಗೆ ಗೊತ್ತಾಗದಂಥದ್ದು ಬೇಕಿತ್ತು, ಅದನ್ನು ಅವನು ಸುತ್ತಿ ಬಳಸಿ ಹೇಳಿದ. ಮಗಳಿಗೆ ಸಭೆ ಬೇಗ ಮುಗಿದರೆ ಸಾಕಿತ್ತು. ಕೊನೆಗೆ ನೇರಳೆ ಬಣ್ಣದ್ದೊಂದು ಗೆದ್ದಿತು. ಗಟ್ಟಿ ಬೀಗ, ಗಂಟೆ ಬಾರಿಸಿದಂಥ ದನಿ, ಬರಹ ಮತ್ತು ಮಾತು ಮಾತ್ರ. ಮುಖ ತೋರಿಸುವ ಸೌಲಭ್ಯವೇ ಇಲ್ಲ, ಹಾಗಾಗಿ ಉಳಿತಾಯ.

“ಅತ್ತೆ, ನಿಮಗೆ ಯಾವುದಾದ್ರೂ ನಡೆಯುತ್ತೆ ಅಲ್ವಾ?” ಅಂತ ಅಳಿಯ ಕೊನೆಯಲ್ಲಿ ಕೇಳಿದ, ಕೇಳಿದ ಶಾಸ್ತ್ರಕ್ಕೆ.

ಅವನು ಮಾತಿನ ನಡುವೆ ಪದೇಪದೇ ಟೀವಿಯ ಕಡೆ ತಿರುಗುತ್ತಿದ್ದರಿಂದ ಲಾಳಿಯಕ್ಕನಿಗೆ ಮುಕ್ಕಾಲು ಪಾಲು ತಿಳಿದೇ ಇರಲಿಲ್ಲ. ತಿಳಿಯಲಿಲ್ಲ ಅಂತ ಹೇಳುವ ಪೈಕಿ ಅವಳಲ್ಲ. “ಯಾವುದಾದ್ರೇನು,” ಅಂದು ಫೋನನ್ನು ಅವನ ಕೈಗೆ ಹಾಕಿದಳು, ಒರೆಸುವ ಬಟ್ಟೆಯನ್ನು ಕೊಟ್ಟ ಹಾಗೆ.

ಮರುದಿನ ಸಕ್ಕರೆ ಡಬ್ಬಿಗೆ ಫೋನು ಆನಿಸಿಟ್ಟರೆ ಹಳೆಯ ಗುರುತಿನ ಬಣ್ಣವೇ ಇಲ್ಲ. ನೇರಳೆಯದನ್ನು ಒತ್ತಿದರೆ ಮನೆಯವರ ಹೆಸರು, ಡಾಕ್ಟರ ಹೆಸರು, ಮುಗಿಯಿತು. ಗಿಡ್ಡಿ ಇಲ್ಲ. ಮಗಳನ್ನು ಕೇಳಬಹುದಿತ್ತು, ಕೇಳಲಿಲ್ಲ. ಆ ಫೋನಿನ ಒಳಗೆ ಏನು ಎಲ್ಲಿದೆ ಅಂತ ಕಲಿಯುವುದು ಕೆಲಸವಿಲ್ಲದವರ ಕೆಲಸ ಅಂತ ಮೊದಲಿಂದಲೂ ಅವಳ ತೀರ್ಮಾನ. ಫೋನ್ ಮಾಡುತ್ತಿದ್ದವಳು ಯಾವತ್ತೂ ಇವಳಲ್ಲ, ಗಿಡ್ಡಿಯೇ ಕರೆಯುತ್ತಿದ್ದಳು, ಇವಳು ಮಿನುಗಿದ ಕಡೆ ಬೆರಳಿಡುತ್ತಿದ್ದಳು. ಬೇಕಿದ್ದರೆ ಅವಳೇ ಕರೆಯುತ್ತಾಳೆ ಅಂತ ಕಾದಳು. ದಿನ ಕಳೆದವು, ವಾರಗಳು ಕಳೆದವು, ಮುಖ ಮೂಡಲಿಲ್ಲ. ಕಾಯುವುದು ಮುನಿಸಾಯಿತು. ಗಿಡ್ಡಿಗೂ ದೊಡ್ಡಸ್ತಿಕೆ ಬಂದಿದೆ, ಗೋಡೆ ಕಡೆ ತಿರುಗಿದ್ದಾಳೆ, ತಿರುಗಲಿ, ನನಗೇನು ನಷ್ಟ ಅಂತ ಚಹಾ ಬಿಸಿಯಿರುವಾಗಲೇ ಕುಡಿದು ಮುಗಿಸತೊಡಗಿದಳು. ನಷ್ಟ ಎಷ್ಟಾಗಿದೆ ಅಂತ ಅವಳ ಹೊಟ್ಟೆಗೆ ಗೊತ್ತಿತ್ತು. ಊಟ ಸೇರುತ್ತಿರಲಿಲ್ಲ.

ಅಳಿಯನ ಮೇಲಧಿಕಾರಿ ಒಮ್ಮೆ ಊಟಕ್ಕೆ ಬಂದ. ಅಧಿಕಾರಿ ಎದುರಿಗಿದ್ದರೆ ಅಳಿಯನ ಮಾತು ಎರಡರಷ್ಟಾಗುತ್ತಿತ್ತು. ಬಾಯಿ ತುಂಬ ಅನ್ನ ಇಟ್ಟುಕೊಂಡೇ ಸುರಕ್ಷತೆಯ ಬಗ್ಗೆ ಹೇಳುತ್ತಿದ್ದ. ಲಾಳಿಯಕ್ಕ ಎದುರು ಕೂತು, ಬೇರೆ ನೋಡಲು ಏನೂ ಇಲ್ಲದ್ದರಿಂದ, ಅವನ ತುಟಿಗಳನ್ನೇ ನೋಡುತ್ತಿದ್ದಳು.

“ನಮ್ಮ ಅತ್ತೆ ಫೋನಿಗೇ ನೋಡಿ ಸರ್,” ಅನ್ನುತ್ತಿದ್ದ ಅವನು. “ಹೊಸ ಆ್ಯಪ್ ಹಾಕ್ತಾ ಫೋನು ನನ್ನ ಹತ್ರಾನೇ ಇತ್ತು. ಹೆಸರಿಲ್ಲದ ನಂಬರಿಂದ ಯಾವನೋ ಫೋನ್ ಮಾಡಿದ. ಎತ್ತಿ ಕಿವಿಗಿಟ್ರೆ ಮಾತೇ ಇಲ್ಲ. ಬರೀ ಉಸಿರು. ಬುಸ್ ಬುಸ್ ಅಂತ. ಇಟ್ಟರೆ ಮತ್ತೆ ಮಾಡ್ತಾನೆ. ಹಲೋ ಹಲೋ ಅಂತೀನಿ, ಮತ್ತೆ ಉಸಿರು. ವಯಸ್ಸಾದವರನ್ನ ಹೀಗೇ ಹೆದರಿಸಿ ಮೋಸ ಮಾಡೋದು. ನಾನು ಬಿಡ್ತೀನಾ, ಬ್ಲಾಕ್ ಮಾಡಿ ಬಿಸಾಕಿದೆ.”

ಲಾಳಿಯಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ನನ್ನ ಫೋನಲ್ಲಿ ಗಿಡ್ಡಿ ಅಂತ ಒಂದು ಹೆಸರಿತ್ತು,” ಅಂದಳು.

“ಹೌದು ಅತ್ತೆ, ಇತ್ತು. ಮನೆಯವರದು ಬಿಟ್ಟು ಉಳಿದ ಹಳೆ ನಂಬರೆಲ್ಲ ತೆಗೆದೆ. ಗಿಡ್ಡಿ ಅಂತೆ, ಅದೂ ಒಂದು ಹೆಸರಾ.” ಅವನು ಅಧಿಕಾರಿಯ ಕಡೆ ನೋಡಿ ನಕ್ಕ.

“ಆ ಫೋನ್ ಮಾಡಿದ್ದು ಅವಳು. ಅವಳ ಗಂಟಲು ತೆಗೆದಿದಾರೆ.”

ಅಳಿಯ ಅಗಿಯುವುದನ್ನು ನಿಲ್ಲಿಸಿದ. “ಹಾಗಾದ್ರೆ... ಮಾತಾಡೋಕೆ ಬರದೇ ಇರೋರು ಫೋನ್ ಯಾಕೆ ಮಾಡಬೇಕು ಅತ್ತೆ?”

“ಮಾತಾಡಿದ್ಲು,” ಅಂದಳು ಲಾಳಿಯಕ್ಕ. “ನೀವು ಅದನ್ನ ಕಿವಿಗೆ ಹಿಡ್ಕೊಂಡ್ರಿ.”

ಅಧಿಕಾರಿ ನೀರು ಕುಡಿದ. ಮಗಳು ಅಮ್ಮನ ಕಿವಿಯನ್ನೇ ನೋಡುತ್ತ ಕೂತಳು, ಬೆನ್ನ ಹಿಂದಿನಿಂದ ಕರೆದಾಗ ತಿರುಗದಿದ್ದದ್ದೆಲ್ಲ ಆಗ ಅವಳಿಗೆ ನೆನಪಾಗಿರಬೇಕು. ಲಾಳಿಯಕ್ಕ ಕೈತೊಳೆದು, ಫೋನನ್ನು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ ಹೊರಟಳು. ಎಲ್ಲಿಗೆ ಅಂತ ಹಿಂದಿನಿಂದ ಯಾರೋ ಕೇಳಿರಬಹುದು, ಅವಳಿಗೆ ಕೇಳಿಸಲಿಲ್ಲ.

ಬಸ್ಸಿನ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಅಳಿಯನನ್ನು ಬೈದಳು. ಕಂಪನಿಯನ್ನು ಬೈದಳು, ಕೋಷ್ಟಕವನ್ನು ಬೈದಳು, ನೇರಳೆ ಬಣ್ಣವನ್ನು ಬೈದಳು. ಬೈಗುಳ ಮುಗಿದ ಮೇಲೂ ದಾರಿ ಉಳಿದಿತ್ತು. ಆಗ ‘ಯಾವುದಾದ್ರೇನು’ ಅಂದ ತನ್ನದೇ ಬಾಯಿ ನೆನಪಿಗೆ ಬಂತು. ಕಿಟಕಿಯ ಹೊರಗೆ ನೋಡಿದಳು, ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಗಿಡ್ಡಿ ಮನೆಯಲ್ಲಿರಲಿಲ್ಲ. ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದಿದೆ, ಆಸ್ಪತ್ರೆ ಮುಗಿಸಿ ಈಗ ಆರೈಕೆಯ ಮನೆಯಲ್ಲಿ ಮಲಗಿಸಿದ್ದೇವೆ ಅಂತ ತಮ್ಮನ ಹೆಂಡತಿ ಹೇಳಿದಳು. “ನಿಮಗೆ ಫೋನ್ ಮಾಡಿ ಮಾಡಿ ಬೇಜಾರಾಗಿ ಬಿಟ್ಟರು. ನೀವಿಬ್ಬರೂ ಜಗಳ ಆಡಿದೀರಿ ಅಂದ್ಕೊಂಡ್ವಿ,” ಅಂದಳು. ದುಂದುಗಾರ್ತಿ ಅಂತ ತಾವು ಆಡಿಕೊಳ್ಳುತ್ತಿದ್ದ ಈ ಹೆಂಗಸು ಕಾಗದದ ಚೂರಿನಲ್ಲಿ ವಿಳಾಸ ಬರೆದುಕೊಟ್ಟು, ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದಳು.

ಆರೈಕೆಯ ಮನೆಯಲ್ಲಿ ಫಿನಾಯಿಲ್ ವಾಸನೆ. ಉದ್ದನೆಯ ಕೋಣೆಯಲ್ಲಿ ಆರು ಮಂಚ, ಗೋಡೆಯ ಪಕ್ಕದ ಕೊನೆಯದರಲ್ಲಿ ಗಿಡ್ಡಿ. ಮೊದಲೇ ಗಿಡ್ಡಿ, ಈಗ ಹೊದಿಕೆಯ ಕೆಳಗೆ ಇದ್ದಾಳೋ ಇಲ್ಲವೋ ಅನ್ನುವ ಹಾಗೆ.

“ಇವರಾ?” ಅಂದಳು ನರ್ಸು, ದಯೆ ತುಂಬಿದ ಮುಖ ಮಾಡಿ. “ಪಾಪ, ಸುಮ್ನೆ ಬಾಯಾಡಿಸ್ತಾ ಇರ್ತಾರೆ. ವಯಸ್ಸಾಯ್ತಲ್ಲ. ಅಗಿಯೋಕೆ ಕಷ್ಟ ಅಂತ ನಾವು ಎಲ್ಲಾ ನುಣ್ಣಗೆ ಅರೆದು ಕೊಡ್ತೀವಿ.”

ಜೀವಮಾನವೆಲ್ಲ ಮಾತಾಡಿದ ಬಾಯಿಗೆ ಇವರು ಗಂಜಿ ತುಂಬುತ್ತಿದ್ದಾರೆ. ಲಾಳಿಯಕ್ಕ ನರ್ಸನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಮಂಚದ ಹತ್ತಿರ ಹೋದಳು. ಗಿಡ್ಡಿ ಕಣ್ಣು ತೆರೆದು ಅವಳನ್ನು ಕಂಡಳು. ಕಂಡು, ಕಷ್ಟಪಟ್ಟು ಕುತ್ತಿಗೆಯನ್ನಷ್ಟೇ ಹೊರಳಿಸಿ ಗೋಡೆಯ ಕಡೆ ತಿರುಗಿದಳು.

ಅಷ್ಟು ವರ್ಷದಲ್ಲಿ ಗಿಡ್ಡಿ ಮೇಸ್ತ್ರಿಗೆ ಗೋಡೆ ತೋರಿಸಿದ್ದಳು, ಅರ್ಧ ಗಿರಣಿಗೆ ಗೋಡೆ ತೋರಿಸಿದ್ದಳು. ಲಾಳಿಯಕ್ಕನಿಗೆ ತೋರಿಸಿದ್ದು ಇದೇ ಮೊದಲು. ಚೀಲ ಕೆಳಗಿಟ್ಟು, ಹೊಟ್ಟೆ ಒಳಗೆಳೆದುಕೊಂಡು, ಮಂಚಕ್ಕೂ ಗೋಡೆಗೂ ನಡುವಿನ ಸಂದಿಯೊಳಗೆ ಅಡ್ಡಡ್ಡಲಾಗಿ ನುಗ್ಗಿದಳು. ಮಂಚ ಕಿರ್ರೆಂದಿತು. “ಏನಮ್ಮಾ ಅದು,” ಅಂತ ನರ್ಸು ಕೂಗಿಕೊಂಡಳು, ಲಾಳಿಯಕ್ಕ ಕ್ಯಾರೇ ಅನ್ನಲಿಲ್ಲ. ಸುಣ್ಣ ಬೆನ್ನಿಗೆ ಮೆತ್ತಿಕೊಂಡಿತು. ಈಗ ಇಬ್ಬರೂ ಎದುರುಬದುರು. ಗಿಡ್ಡಿ ಕಣ್ಣು ಮುಚ್ಚಿದಳು.

ಕಣ್ಣು ಮುಚ್ಚಿದವಳಿಗೆ ಆ ಭಾಷೆಯಲ್ಲಿ ಹೇಳುವ ದಾರಿಯೇ ಇಲ್ಲ. ಲಾಳಿಯಕ್ಕ ಗೋಡೆಗೆ ಒರಗಿ ಸುಮ್ಮನೆ ನಿಂತಳು. ಕಾಲು ಜೋಮು ಹಿಡಿಯಿತು, ನಿಂತಳು. ಗಿಡ್ಡಿಗೆ ಮುನಿಸಿಕೊಳ್ಳುವುದು ಗೊತ್ತು, ಏನಾಗುತ್ತಿದೆ ಅಂತ ನೋಡದೆ ಇರುವುದು ಗೊತ್ತಿಲ್ಲ ಅಂತ ಅವಳಿಗೆ ಗೊತ್ತಿತ್ತು. ಸಾಕಷ್ಟು ಹೊತ್ತಿನ ಮೇಲೆ ಒಂದು ಕಣ್ಣು ಒಂಚೂರು ತೆರೆಯಿತು.

ಅಷ್ಟು ಸಿಕ್ಕರೆ ಸಾಕಾಗಿತ್ತು. ಲಾಳಿಯಕ್ಕ ಕೆನ್ನೆ ಉಬ್ಬಿಸಿದಳು. ಆಮೇಲೆ ಒಂದೂ ಬಿಡದೆ ಹೇಳಿದಳು. ಜ್ವರ, ಟೀವಿ ಮೇಲಿನ ಅಂಕಗಳು, ನೇರಳೆ ಬಣ್ಣ, ಬುಸ್ ಬುಸ್, ಬ್ಲಾಕ್. ಗಿಡ್ಡಿಯ ಎರಡನೆಯ ಕಣ್ಣೂ ತೆರೆಯಿತು. ಪೂರ್ತಿ ನೋಡಿ ಮುಗಿಸಿದ ಮೇಲೆ ಅವಳ ಒಣಗಿದ ತುಟಿಗಳು ಆಡಿದವು.

“ಅವನಿಗೆ ಬುದ್ಧಿ ಇಲ್ಲ, ಸರಿ. ನಿನಗೆ ಬೆರಳಿರಲಿಲ್ವಾ?”

ಬೇರೆ ಯಾರಾದರೂ ಈ ಮಾತು ಅಂದಿದ್ದರೆ ಲಾಳಿಯಕ್ಕ ಅವರ ಮೂರು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಈಗ ಅವಳ ಮೂಗು ಕೆಳಗಿಳಿಯಿತು. ತಿರಸ್ಕಾರ ಅನ್ನುವುದು ಎಷ್ಟು ಸೋಮಾರಿ ಕೆಲಸ ಅಂತ ಅವಳಿಗೆ ಗೊತ್ತಾದದ್ದು ಆ ಸಂದಿಯಲ್ಲಿ ನಿಂತಾಗ. ಅಳಿಯನನ್ನು ಕೀಳಾಗಿ ಕಾಣುವುದರಲ್ಲೇ ಅವಳಿಗೆ ಎಷ್ಟು ತೃಪ್ತಿ ಸಿಕ್ಕಿತ್ತೆಂದರೆ, ಅವನ ಕೈಯಿಂದ ತನ್ನ ಫೋನು ಕಿತ್ತುಕೊಳ್ಳುವ ಅಗತ್ಯವೇ ತೋರಿರಲಿಲ್ಲ. ಅಷ್ಟೂ ವಾರ ಗಿಡ್ಡಿ ಇಲ್ಲಿ ಒಬ್ಬಳೇ, ಬಾಯಿದ್ದೂ ಮೂಗಿಯಾಗಿ ಬಿದ್ದಿದ್ದಳು.

“ಇರಲಿಲ್ಲ,” ಅಂತ ತುಟಿಯಾಡಿಸಿ ಲಾಳಿಯಕ್ಕ ಫೋನನ್ನು ಮುಂದೆ ಹಿಡಿದಳು. “ಕಲಿಸು.”

ಗಿಡ್ಡಿ ಕಲಿಸಿದಳು. ಓದಲು ಬಾರದವಳು, ಬಣ್ಣ ನೋಡಿ, ಗುರುತು ನೋಡಿ, ಇದನ್ನು ಒತ್ತು, ಇದನ್ನು ಒತ್ತಬೇಡ ಅಂತ ಮಲಗಿದಲ್ಲಿಂದಲೇ ಕಣ್ಣು ಕೆಕ್ಕರಿಸಿದಳು. ತಪ್ಪು ಒತ್ತಿದಾಗ ಲಾಳಿಯಕ್ಕನ ಕೈಗೆ ಬೆರಳಿನಿಂದ ಚಿಮ್ಮಿದಳು. ನಂಬರು ಬಿಡುಗಡೆಯಾಯಿತು, ನೀಲಿ ಮರಳಿ ಬಂತು. ಹಸಿರಿನದೂ ಆಗಬಹುದಲ್ಲ ಅಂತ ಲಾಳಿಯಕ್ಕ ಕೇಳಿದಳು. ಯಾವ ಬಣ್ಣವಾದರೂ ಆಗಲಿ, ಮುಖ ಕಾಣಬೇಕು ಅಂದಳು ಗಿಡ್ಡಿ. ಅಳಿಯನ ಕೋಷ್ಟಕದಲ್ಲಿ ಆ ಸಾಲೇ ಇರಲಿಲ್ಲ.

ಆಮೇಲೆ ಗಿಡ್ಡಿ ಇನ್ನೊಂದು ಮಾತು ಹೇಳಿದಳು, ಲಾಳಿಯಕ್ಕ ಅದನ್ನು ಎರಡು ಸಲ ಹೇಳಿಸಿ ನೋಡಿದಳು. ಆಮೇಲೆ ಸಂದಿಯಿಂದಲೇ ಕತ್ತೆತ್ತಿ ನರ್ಸಿಗೆ ಗಟ್ಟಿಯಾಗಿ ಹೇಳಿದಳು.

“ರಾತ್ರಿ ಇವಳ ತಲೆ ಮೇಲಿನ ದೀಪ ಆರಿಸಬೇಡಿ. ಬಂದಾಗಿಂದ ಅದೊಂದನ್ನೇ ಹೇಳ್ತಿದಾಳಂತೆ. ಕತ್ತಲಾದ್ರೆ ಇವಳು ಕರೆದದ್ದು ಯಾರಿಗೂ ಕಾಣಲ್ಲ.”

ನರ್ಸು ಬಾಯಿ ತೆರೆದಳು, ಮುಚ್ಚಿದಳು. ಈಗ ಯಾರು ಸುಮ್ಮನೆ ಬಾಯಾಡಿಸುತ್ತಿರುವವರು ಅಂತ ಗಿಡ್ಡಿ ಲಾಳಿಯಕ್ಕನನ್ನು ಕೇಳಿದಳು.

ಅಷ್ಟರಲ್ಲಿ ಫೋನು ನಡುಗಿತು. ಅಳಿಯ. ಗಿಡ್ಡಿ ತೋರಿಸಿದ ಕಡೆ ಲಾಳಿಯಕ್ಕ ಒತ್ತಿದಳು, ಕಿವಿಗೆ ಮಾತ್ರ ಹಿಡಿಯಲಿಲ್ಲ. ಕನ್ನಡಿಯ ಹಾಗೆ ಮುಖದ ಮುಂದೆ ಹಿಡಿದು, ತುಟಿಗಳನ್ನು ಅಗಲಿಸಿ, ಒತ್ತಿ, ಚಾಚಿ, ಮೊದಲ ಸಲ ಅವನನ್ನು ‘ನೀನು’ ಅಂತ ಕರೆದು ಶುರುಮಾಡಿದಳು. ಗ್ಯಾಸ್ ಒಲೆಯ ಮೇಲಿನ ಚೀಟಿಯಿಂದ ಹಿಡಿದು ಚಾಪೆಯ ಕೆಳಗಿನ ಚಾಪೆಯವರೆಗೆ, ಅಗಿಯುತ್ತ ಮಾತಾಡುವ ಬಾಯಿಯಿಂದ ಹಿಡಿದು ಗಿಡ್ಡಿ ಅನ್ನುವ ಹೆಸರಿಗೆ ನಕ್ಕ ನಗುವಿನವರೆಗೆ, ಒಂದೊಂದನ್ನೂ ಎಳೆಎಳೆಯಾಗಿ ಬಿಡಿಸಿದಳು. ಗಿಡ್ಡಿ ಸದ್ದಿಲ್ಲದೆ ನಕ್ಕಳು. ಮುರಿದ ಸೊಂಟ ನೋಯುತ್ತಿದ್ದರೂ ಹೊದಿಕೆ ಕುಣಿಯುವಷ್ಟು ನಕ್ಕಳು.

ಫೋನಿನ ಒಳಗೆ ಏನೋ ಗುಂಯ್‌ಗುಡುತ್ತಿತ್ತು. ಮಂಚದ ಆಚೆ ನಿಂತಿದ್ದ ನರ್ಸಿಗೆ ಅದು ಕೇಳಿಸಿ, ಕೈ ಬೀಸಿ ಲಾಳಿಯಕ್ಕನನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಅಮ್ಮಾ, ಅವರು ಹಲೋ ಹಲೋ ಅಂತಿದಾರೆ,” ಅಂದಳು. “ಬರೀ ಉಸಿರು ಕೇಳಿಸ್ತಿದೆಯಂತೆ.”

“ಗೊತ್ತು,” ಅಂದು ಲಾಳಿಯಕ್ಕ ಮತ್ತೆ ಫೋನಿನ ಕಡೆ ತಿರುಗಿದಳು. ಹೇಳುವುದು ಇನ್ನೂ ಬಹಳ ಇತ್ತು.